ಮನೆ ಪಿಸಿಯಲ್ಲಿ ಮೈನಿಂಗ್ ಹಾಕಿದೆ, ಹ್ಯಾಶ್‌ರೇಟ್ ಏಳುತ್ತಲೇ ಇಲ್ಲ. ಕರೆಂಟು ಹೇಗೂ ಫ್ರೀ, ಲಾಭ ಇದೆ ಅಲ್ವಾ?

ಕಲ್ಪತರು_ಹುಡುಗ

ಎಲ್ಲರಿಗೂ ನಮಸ್ಕಾರ. ಊರು ತುಮಕೂರು. ಮನೆಯಲ್ಲಿ ಒಂದು ಪಿಸಿ ಇದೆ. ರೈಜನ್ 5 5600ಜಿ, 8 ಜಿಬಿ ರ್‍ಯಾಮ್ ಒಂದೇ ಸ್ಟಿಕ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ವಿಂಡೋಸ್ 11. ತಂಗಿಯ ಕಾಲೇಜು ಕೆಲಸಕ್ಕೆ ಅಂತ ತಂದದ್ದು. ಅವಳು ಕೂರುವುದು ದಿನಕ್ಕೆ ಒಂದೆರಡು ಗಂಟೆ, ಉಳಿದ ಹೊತ್ತು ಸುಮ್ನೆ ಬಿದ್ದಿರುತ್ತದೆ.

ಮೊದಲು ಬಿಟ್‌ಕಾಯಿನ್ ಮೈನ್ ಮಾಡೋಣ, ಅಂದರೆ ಪಿಸಿಯಿಂದ ಲೆಕ್ಕ ಮಾಡಿಸಿ ಡಿಜಿಟಲ್ ನಾಣ್ಯ ಗಳಿಸೋಣ ಅಂದುಕೊಂಡೆ. ಅದು ಮನೆ ಪಿಸಿಯಲ್ಲಿ ಆಗುವುದಿಲ್ಲ, ಮೊನೆರೊ ಅನ್ನುವ ಇನ್ನೊಂದು ನಾಣ್ಯ ಆಗುತ್ತದೆ ಎಂದು ಒಬ್ಬ ಗೆಳೆಯ ಹೇಳಿದ. ಹಾಗಾಗಿ ಎಕ್ಸ್‌ಎಂರಿಗ್ ಅನ್ನುವ ಮೈನಿಂಗ್ ಪ್ರೋಗ್ರಾಂ ಇಳಿಸಿಕೊಂಡು, ನಾಣ್ಯ ಇಡಲು ಒಂದು ವಾಲೆಟ್ ಮಾಡಿ, ಹಲವರು ಸೇರಿ ಮೈನ್ ಮಾಡಿ ಹಂಚಿಕೊಳ್ಳುವ ಒಂದು ಪೂಲ್‌ನ ವಿಳಾಸ ಹಾಕಿ ಓಡಿಸಿದೆ. ಓಡುತ್ತದೆ. ಆದರೆ ಮೂರು ತಲೆನೋವು.

ಒಂದು, ವಿಂಡೋಸ್‌ನ ಆಂಟಿವೈರಸ್ ಡಿಫೆಂಡರ್ ಎರಡು ಸಲ ಫೈಲನ್ನೇ ಅಳಿಸಿ ಹಾಕಿತು, ಕೊನೆಗೆ ಡಿಫೆಂಡರನ್ನೇ ಆಫ್ ಮಾಡಿ ಕೂತೆ. ಎರಡು, ಹ್ಯಾಶ್‌ರೇಟ್ (ಸೆಕೆಂಡಿಗೆ ಮಾಡುವ ಲೆಕ್ಕ) 2,100ರ ಹತ್ತಿರ ನಿಂತಿದೆ, ಇದೇ ಪ್ರೊಸೆಸರ್‌ಗೆ ಬೇರೆಯವರು ಇದರ ದುಪ್ಪಟ್ಟಿಗಿಂತ ಜಾಸ್ತಿ ತೋರಿಸುತ್ತಾರೆ. ಪರದೆಯಲ್ಲಿ ಕೆಂಪು ಅಕ್ಷರದಲ್ಲಿ ಎಂಎಸ್‌ಆರ್ ಮಾಡ್ (ಪ್ರೊಸೆಸರ್ ಒಳಗಿನ ಸೆಟ್ಟಿಂಗ್ ಬದಲಾವಣೆ) ಫೇಲ್ ಆಗಿದೆ, ಹ್ಯಾಶ್‌ರೇಟ್ ಕಮ್ಮಿ ಬರುತ್ತದೆ ಅಂತ ಬರುತ್ತಿದೆ, ಹ್ಯೂಜ್ ಪೇಜಸ್ (ಮೆಮೊರಿಯನ್ನು ದೊಡ್ಡ ತುಂಡುಗಳಲ್ಲಿ ಕೊಡುವುದು) ಎದುರಿಗೆ ಸೊನ್ನೆ. ಮೂರು, ಫ್ಯಾನ್ ಸದ್ದು. ಅಪ್ಪ ಆಗಲೇ "ಏನೋ ಅದು, ಹಿಟ್ಟಿನ ಗಿರಣಿ ಇಟ್ಟಿದ್ದೀಯಾ" ಎಂದು ಕೇಳಿ ಆಯಿತು.

ಕರೆಂಟಿನ ಖರ್ಚು ಹೇಳಬೇಡಿ. ನಮ್ಮದು ಗೃಹಜ್ಯೋತಿ, ತಿಂಗಳಿಗೆ 136 ಯೂನಿಟ್ ಆಸುಪಾಸು ಉರಿಯುತ್ತದೆ, ಬಿಲ್ ಸೊನ್ನೆ. ಅಂದರೆ ಬಂದದ್ದೆಲ್ಲ ಲಾಭವೇ ಅಲ್ವಾ? ಸೆಟ್ಟಿಂಗ್ ಸರಿ ಮಾಡುವುದು ಹೇಗೆ ಅಂತ ಗೊತ್ತಿದ್ದವರು ಸ್ವಲ್ಪ ಹೇಳಿ.

ರಾತ್ರಿಪಾಳಿ

ಮೊದಲು ಡಿಫೆಂಡರ್ ಆನ್ ಮಾಡಿ. ಈಗಲೇ. ಆಮೇಲೆ ಮುಂದೆ ಓದಿ.

ಎಕ್ಸ್‌ಎಂರಿಗ್ ವೈರಸ್ ಅಲ್ಲ. ಆದರೆ ಕಳ್ಳರು ಬೇರೆಯವರ ಪಿಸಿಗೆ ನುಗ್ಗಿದಾಗ ಗುಟ್ಟಾಗಿ ಹಾಕುವುದೂ ಇದನ್ನೇ, ಅದಕ್ಕೇ ಆಂಟಿವೈರಸ್ ಕಂಡಲ್ಲಿ ಹಿಡಿಯುತ್ತದೆ. ಇದಕ್ಕೆ ಅಂತಲೇ ಒಂದು ಬೇರೆ ಫೋಲ್ಡರ್ ಮಾಡಿ, ಡಿಫೆಂಡರ್‌ನ ಎಕ್ಸ್‌ಕ್ಲೂಷನ್ ಪಟ್ಟಿಗೆ ಆ ಒಂದೇ ಫೋಲ್ಡರ್ ಸೇರಿಸಿ. ಡೌನ್‌ಲೋಡ್ಸ್ ಫೋಲ್ಡರನ್ನು ಮಾತ್ರ ಸೇರಿಸಬೇಡಿ, ಇಂಟರ್ನೆಟ್ಟಿನಿಂದ ಬರುವ ಕಸವೆಲ್ಲ ಬಂದು ಬೀಳುವ ಜಾಗ ಅದು. ಇಳಿಸಿಕೊಳ್ಳುವುದು ಎಕ್ಸ್‌ಎಂರಿಗ್‌ನವರದೇ ಸೈಟ್ ಇಲ್ಲ ಗಿಟ್‌ಹಬ್ ಪುಟದಿಂದ. ಅಲ್ಲಿ ಫೈಲಿನ ಬೆರಳಚ್ಚಿನಂಥ ಎಸ್‌ಎಚ್‌ಎ256 ಮೊತ್ತ ಕೊಟ್ಟಿರುತ್ತಾರೆ. ಪವರ್‌ಶೆಲ್‌ನಲ್ಲಿ ಗೆಟ್-ಫೈಲ್‌ಹ್ಯಾಶ್ ಕಮಾಂಡ್ ಕೊಟ್ಟು ನಿಮ್ಮ ಫೈಲಿನದೂ ಅದೂ ಒಂದೇನಾ ನೋಡಿ. ಎರಡು ನಿಮಿಷದ ಕೆಲಸ.

ಈಗ ಹ್ಯಾಶ್‌ರೇಟ್. ಮೊನೆರೊ 2019ರ ನವೆಂಬರ್‌ನಿಂದ ರ್‍ಯಾಂಡಮ್‌ಎಕ್ಸ್ ಅನ್ನುವ ಲೆಕ್ಕದ ವಿಧಾನ ಬಳಸುತ್ತದೆ. ಪ್ರತಿ ಹ್ಯಾಶ್‌ಗೂ ಯಾವುದೋ ಒಂದು ಸಣ್ಣ ಪ್ರೋಗ್ರಾಂ ಹುಟ್ಟುತ್ತದೆ, ಪ್ರೊಸೆಸರ್ ಅದನ್ನು ಓಡಿಸಬೇಕು. ಒಂದೇ ಕೆಲಸ ಬಲ್ಲ ಚಿಪ್ ಮಾಡಿ ಗೆಲ್ಲುವುದು ಕಷ್ಟವಾಗಲಿ, ಮನೆ ಪಿಸಿಗೂ ಜಾಗ ಇರಲಿ ಅಂತಲೇ ಹಾಗೆ ಮಾಡಿದ್ದು. ಇದಕ್ಕೆ ರ್‍ಯಾಮ್‌ನಲ್ಲಿ 2 ಜಿಬಿಗಿಂತ ಸ್ವಲ್ಪ ಜಾಸ್ತಿ ಜಾಗ ಬೇಕು, ಒಂದೊಂದು ಥ್ರೆಡ್‌ಗೂ (ಪ್ರೊಸೆಸರ್ ಏಕಕಾಲಕ್ಕೆ ಓಡಿಸುವ ಕೆಲಸದ ಒಂದು ಎಳೆ) 2 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಬೇಕು. ನಿಮ್ಮ 5600ಜಿಯಲ್ಲಿ ಎಲ್3 ಇರುವುದು 16 ಎಂಬಿ. ಅಂದರೆ 12 ಥ್ರೆಡ್ ಇದ್ದರೂ 8ಕ್ಕೇ ಹೊಟ್ಟೆ ತುಂಬುವುದು. 12 ಓಡಿಸಿದರೆ ಒಂದರ ಕಾಲಿಗೆ ಒಂದು ತೊಡರಿಕೊಳ್ಳುತ್ತದೆ. ಎಷ್ಟು ಥ್ರೆಡ್ ಅಂತ ಎಕ್ಸ್‌ಎಂರಿಗ್ ತಾನೇ ಲೆಕ್ಕ ಹಾಕುತ್ತದೆ, ನೀವು ಯೂಟ್ಯೂಬ್ ನೋಡಿ ಆ ಸಂಖ್ಯೆ ಬದಲಾಯಿಸಿದ್ದರೆ ಅಳಿಸಿಬಿಡಿ.

ಹ್ಯೂಜ್ ಪೇಜಸ್ ಸೊನ್ನೆ ಇರುವುದು ದೊಡ್ಡ ಪೆಟ್ಟು. ಒಂದು ಸಲ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ, ಬೇಕಾದ ಅನುಮತಿಯನ್ನು ಅದೇ ಹಾಕಿಕೊಳ್ಳುತ್ತದೆ, ಆಮೇಲೆ ಪಿಸಿ ರೀಸ್ಟಾರ್ಟ್ ಮಾಡಿ ಮತ್ತೆ ಅಡ್ಮಿನಿಸ್ಟ್ರೇಟರ್ ಆಗಿಯೇ ಓಡಿಸಿ. ಎಂಎಸ್‌ಆರ್ ಸಮಸ್ಯೆಯೂ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ನಿಮ್ಮದು 8 ಜಿಬಿ, ಅದರಲ್ಲೂ ಒಂದಷ್ಟನ್ನು ಒಳಗಿನ ಗ್ರಾಫಿಕ್ಸ್ ತಿನ್ನುತ್ತದೆ, ಹಾಗಾಗಿ ಕ್ರೋಮ್ ತೆರೆಯುವ ಮೊದಲೇ ಮೈನರ್ ಶುರು ಮಾಡಿ. ಆಮೇಲೆ ಕೇಳಿದರೆ ರ್‍ಯಾಮ್ ಚೂರುಚೂರಾಗಿರುತ್ತದೆ, ಒಟ್ಟಾಗಿ ಜಾಗ ಸಿಗುವುದಿಲ್ಲ. ಸರಿಯಾದರೆ 1168/1168 ಎಂದು ಹಸಿರಲ್ಲಿ ತೋರಿಸುತ್ತದೆ. ಆ ಸಂಖ್ಯೆ ಬಂದರೆ ಕೆಲಸ ಆಯಿತು.

ಉಳಿದದ್ದು ಆ ಒಂಟಿ ಸ್ಟಿಕ್. ರ್‍ಯಾಂಡಮ್‌ಎಕ್ಸ್ ರ್‍ಯಾಮ್‌ಗೆ ಓಡಾಡುತ್ತಲೇ ಇರುತ್ತದೆ, ಒಂದು ಸ್ಟಿಕ್ ಅಂದರೆ ಒಂದೇ ಬಾಗಿಲು. ಅಂಥದ್ದೇ ಇನ್ನೊಂದು 8 ಜಿಬಿ ಸಿಕ್ಕರೆ ಪಕ್ಕದಲ್ಲಿ ಹಾಕಿ ನೋಡಿ.

ಲಾಭದ ವಿಚಾರ ನಾನು ಮಾತಾಡುವುದಿಲ್ಲ, ಬೇರೆಯವರು ಬರುತ್ತಾರೆ.

ಮೂರನೇ_ಫೇಸು

ಬಂದೆ 😄

ತಮ್ಮಾ, ನಾನು ವೈರಿಂಗ್ ಕಂಟ್ರಾಕ್ಟರ್. ಮೈನಿಂಗ್ ಗೊತ್ತಿಲ್ಲ, ಬಿಲ್ ಗೊತ್ತು. ಗೃಹಜ್ಯೋತಿ ಅಂದರೆ ಎಲ್ಲರಿಗೂ 200 ಯೂನಿಟ್ ಫ್ರೀ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಹಾಗಲ್ಲ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಸುಟ್ಟಿತ್ತೋ ಅದರ ಮೇಲೆ ಶೇಕಡ 10, ಅಷ್ಟು ಮಾತ್ರ ಫ್ರೀ. ಅದನ್ನು ದಾಟಿ 200ರ ಒಳಗೆ ಇದ್ದರೆ ದಾಟಿದಷ್ಟಕ್ಕೆ ದುಡ್ಡು. 200 ದಾಟಿದರೆ ಫ್ರೀ ಅನ್ನುವುದೇ ಇಲ್ಲ, ಮೊದಲ ಯೂನಿಟ್‌ನಿಂದ ಪೂರ್ತಿ ಬಿಲ್.

ಹಳೆ ಬಿಲ್ ತೆಗೆದು ಸರಾಸರಿ ನೋಡಿ. 136ಕ್ಕೆ ಸೊನ್ನೆ ಬರುತ್ತಿದೆ ಅಂದರೆ ನಿಮ್ಮ ಮಿತಿ ಅದರ ಮೇಲೆ ಎಲ್ಲೋ ಇದೆ. ಈಗ ಆ ಪಿಸಿ ಗೋಡೆಯಿಂದ 95 ವಾಟ್ ಎಳೆಯುತ್ತದೆ ಎಂದು ಇಟ್ಟುಕೊಳ್ಳೋಣ. 24 ಗಂಟೆಗೆ 2.28 ಯೂನಿಟ್. 30 ದಿನಕ್ಕೆ 68. 136ಕ್ಕೆ 68 ಸೇರಿಸಿ, 204.

ನಾಲ್ಕು ಯೂನಿಟ್‌ಗೆ ಮನೆಯ ಫ್ರೀ ಕರೆಂಟು ಹೋಯಿತು. 2025-26ರಲ್ಲಿ ಮನೆ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆ ಇತ್ತು, ಅದನ್ನೇ ಹಿಡಿದರೆ 204ಕ್ಕೆ ಬರೀ ಯೂನಿಟ್ ಲೆಕ್ಕವೇ 1,183. ಮೇಲೆ ಫಿಕ್ಸೆಡ್ ಚಾರ್ಜು, ತೆರಿಗೆ. ಬಿಲ್ ಕೈಗೆ ಬಂದ ದಿನ ಅಪ್ಪ ಹಿಟ್ಟಿನ ಗಿರಣಿ ಅಂತ ಸುಮ್ಮನಾಗುವುದಿಲ್ಲ.

ಇನ್ನೊಂದು ಮಾತು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಆ ಪಾಯಿಂಟ್‌ಗೆ ಈ ಪಿಸಿ ಹಾಕಬೇಡಿ. ಕರೆಂಟು ಹೋದಾಗ ನಾಣ್ಯ ಅಗೆಯುತ್ತಾ ಬ್ಯಾಟರಿ ಕುಡಿದುಬಿಡುತ್ತದೆ, ರಾತ್ರಿ ಫ್ಯಾನಿಗೆ ಉಳಿಯುವುದಿಲ್ಲ. ಸಡಿಲವಾದ ಎಕ್ಸ್‌ಟೆನ್ಷನ್ ಬಾಕ್ಸ್ ಕೂಡ ಬೇಡ. 95 ವಾಟ್ ದೊಡ್ಡದಲ್ಲ, ಆದರೆ ದಿನವಿಡೀ ನಿಲ್ಲದೆ ಹರಿಯುವ 95 ವಾಟ್ ಬೇರೆ, ಸಡಿಲ ಪಿನ್ ಇದ್ದರೆ ಬಿಸಿಯಾಗಿ ಕರಗಿದ್ದನ್ನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ.

ಕಲ್ಪತರು_ಹುಡುಗ

ಅಣ್ಣ, ಈ 200ರ ವಿಷಯ ನಿಜವಾಗಿ ಗೊತ್ತಿರಲಿಲ್ಲ. ಹಳೆ ಬಿಲ್ ನೋಡಿದೆ, ಸರಾಸರಿ 128. ಹಾಗಾದರೆ ನಮ್ಮ ಮಿತಿ 140, ಸರಿ ಅಲ್ವಾ? ಈಗಲೇ ಅಂಚಿನಲ್ಲಿದ್ದೇವೆ.

ಆದರೂ ಮೈನಿಂಗ್‌ನಲ್ಲಿ ಅದಕ್ಕಿಂತ ಜಾಸ್ತಿ ಬಂದರೆ ಬಿಲ್ ಕಟ್ಟಬಹುದಲ್ಲ? ದಿನಕ್ಕೆ ಎಷ್ಟು ಬರುತ್ತದೆ ಎಂದು ಯಾರಾದರೂ ಲೆಕ್ಕ ಹಾಕಿ ಹೇಳಿ. ಇಲ್ಲ ಬಿಟ್‌ಕಾಯಿನ್ ಯಂತ್ರವನ್ನೇ ತರಲಾ?

ಎಸ್‌ಪಿರೋಡ್_ಸವಾರ

ಬಿಟ್‌ಕಾಯಿನ್ ಯಂತ್ರ ಮರೆತುಬಿಡಿ ಗುರು. ಆಂಟ್‌ಮೈನರ್ ಎಸ್21 ಒಂದು ಸೆಕೆಂಡಿಗೆ 200 ಟೆರಾಹ್ಯಾಶ್ ಮಾಡುತ್ತದೆ, ಎಳೆಯುವುದು 3,500 ವಾಟ್. ಎರಡು ಗೀಸರ್‌ಗಳನ್ನು ಹಗಲೂ ರಾತ್ರಿ ಆನ್ ಇಟ್ಟ ಹಾಗೆ. ದಿನಕ್ಕೆ 84 ಯೂನಿಟ್, ಎರಡೇ ದಿನಕ್ಕೆ ನಿಮ್ಮ ಮನೆಯ ತಿಂಗಳ ಕರೆಂಟು ಮುಗಿಯಿತು. ಸದ್ದು ಬೇರೆ, ಅದರ ಎದುರು ಹಿಟ್ಟಿನ ಗಿರಣಿ ಜೋಗುಳ. 2024ರ ಏಪ್ರಿಲ್‌ನಿಂದ ಒಂದು ಬ್ಲಾಕಿಗೆ (ವ್ಯವಹಾರಗಳ ಒಂದು ಕಟ್ಟು) ಸಿಗುವುದೂ 3.125 ಬಿಟ್‌ಕಾಯಿನ್‌ಗೆ ಇಳಿದಿದೆ.

ಮೊನೆರೊ ಲೆಕ್ಕ ಸುಲಭ. ಎರಡು ನಿಮಿಷಕ್ಕೊಂದು ಬ್ಲಾಕ್, ದಿನಕ್ಕೆ 720. 2022ರ ಜೂನ್‌ನಿಂದ ಒಂದು ಬ್ಲಾಕಿಗೆ 0.6 ಮೊನೆರೊ, ಇನ್ನು ಮುಂದೆ ಯಾವತ್ತೂ ಅಷ್ಟೇ. ಅಂದರೆ ಇಡೀ ಜಗತ್ತಿಗೆ ಒಂದು ದಿನಕ್ಕೆ ಹಂಚುವುದು 432. ಈ 432ರಲ್ಲಿ ನಿಮ್ಮ ಪಾಲೆಷ್ಟು ಅನ್ನುವುದಷ್ಟೇ ಪ್ರಶ್ನೆ. ಒಟ್ಟು ನೆಟ್‌ವರ್ಕ್ 5 ಗಿಗಾಹ್ಯಾಶ್ ಎಂದು ಇಟ್ಟುಕೊಳ್ಳಿ, ಅಂದರೆ 500 ಕೋಟಿ. ನಿಮ್ಮದು ಎಲ್ಲಾ ಸರಿಯಾಗಿ 4,800 ಬಂತು ಅಂದುಕೊಳ್ಳಿ. ದಿನಕ್ಕೆ 0.0004 ಚಿಲ್ಲರೆ ಮೊನೆರೊ. ಒಂದಕ್ಕೆ 25 ಸಾವಿರ ರೂಪಾಯಿ ಎಂದು ಹಿಡಿದರೆ ಹತ್ತು ರೂಪಾಯಿ. ಒಂದು ಲೋಟ ಟೀ, ಅದೂ ನಮ್ಮ ಬೆಂಗಳೂರಲ್ಲಿ ಸಿಗುವುದು ಅನುಮಾನ. ಅದೇ ದಿನದ ಕರೆಂಟು, ಅಣ್ಣ ಹೇಳಿದ 2.28 ಯೂನಿಟ್ ಲೆಕ್ಕದಲ್ಲಿ, 13 ರೂಪಾಯಿ. ಬೆಲೆಯೂ ನೆಟ್‌ವರ್ಕೂ ದಿನಾ ಕುಣಿಯುತ್ತವೆ, ನೀವು ಕೂರುವ ದಿನದ ಅಂಕಿ ಹಾಕಿಕೊಂಡು ನೋಡಿ.

ನಾನು ಇದನ್ನು ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ. 2021ರಲ್ಲಿ ಬೆಂಗಳೂರಿನ ರೂಮಿನಲ್ಲಿ ನಾನು ಮೂರು 3060 ಟಿಐ ಕಾರ್ಡ್ ಇಟ್ಟು ಇಥೀರಿಯಂ ಮೈನ್ ಮಾಡಿದವನು. ಎಸ್‌ಪಿ ರೋಡಿನಲ್ಲಿ ಅಂಗಡಿ ಅಂಗಡಿ ತಿರುಗಿ, ಪೆಟ್ಟಿಗೆ ಬೆಲೆಗಿಂತ ಎಷ್ಟೋ ಜಾಸ್ತಿ ಕೊಟ್ಟು ತಂದೆ. ಆಗ ಕಾರ್ಡುಗಳಿಗೆ ಅಷ್ಟು ಬರ. ಮೊದಲ ಕೆಲವು ತಿಂಗಳು ಬಾಡಿಗೆ ಅದರಿಂದಲೇ ಕಟ್ಟಿದೆ, ಸುಳ್ಳು ಹೇಳಲ್ಲ. ಇಥೀರಿಯಂ ಮೈನಿಂಗ್ ನಿಲ್ಲಿಸುತ್ತಾರಂತೆ ಅಂತ ವರ್ಷಗಟ್ಟಲೆ ಕೇಳುತ್ತಲೇ ಇದ್ದೆವು, ಆಡಿಕೊಂಡು ನಗುತ್ತಿದ್ದೆವು. 2022ರ ಸೆಪ್ಟೆಂಬರ್ 15ಕ್ಕೆ ಮರ್ಜ್ ಆಯಿತು, ಅಂದರೆ ಇಥೀರಿಯಂ ಮೈನಿಂಗನ್ನೇ ಬಿಟ್ಟಿತು. ಮಧ್ಯಾಹ್ನ ಊಟಕ್ಕೆ ಏಳುವಷ್ಟರಲ್ಲಿ ಕಾರ್ಡುಗಳಿಗೆ ಕೆಲಸವೇ ಇರಲಿಲ್ಲ. ಬೇರೆ ನಾಣ್ಯಗಳಿಗೆ ಹೊರಳಿಸೋಣ ಅಂದರೆ ನನ್ನ ಹಾಗೆಯೇ ಎಲ್ಲರೂ ಅಲ್ಲಿಗೇ ನುಗ್ಗಿದ್ದರು. ಎರಡು ಕಾರ್ಡನ್ನು ಅರ್ಧ ಬೆಲೆಗೂ ಕಮ್ಮಿಗೆ ಮಾರಿದೆ. ಒಂದು ಇನ್ನೂ ಇದೆ, ಮಗ ಗೇಮ್ ಆಡುತ್ತಾನೆ.

ನಿಮ್ಮಲ್ಲಿ ಪಿಸಿ ಆಗಲೇ ಇದೆ, ಕಲಿಯಲು ಒಂದು ವಾರ ಓಡಿಸಿ. ಹೊಸದಾಗಿ ಒಂದು ರೂಪಾಯಿ ಹಾಕಬೇಡಿ.

ಕುಡ್ಲದ_ಮಳೆ

ಇಳಿಸಿಕೊಳ್ಳುವ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ನನಗೆ ಆದದ್ದು. ಕಾನ್ಫಿಗ್ ಫೈಲ್ (ಸೆಟ್ಟಿಂಗ್‌ಗಳ ಫೈಲ್) ಬರೆಯುವುದು ಬೇಜಾರು ಅಂತ ಒಂದು ವಿಡಿಯೋ ಕೆಳಗಿದ್ದ "ಒಂದೇ ಕ್ಲಿಕ್ ಮೈನರ್" ಹಾಕಿಕೊಂಡೆ. ಚೆಂದದ ಬಟನ್, ಗ್ರಾಫ್, ಎಲ್ಲಾ ಇತ್ತು. ಆಂಟಿವೈರಸ್ ಆಫ್ ಮಾಡಿ ಎಂದು ವಿಡಿಯೋದವನೇ ಹೇಳಿದ್ದ, ಮಾಡಿದೆ. ನಾಲ್ಕು ದಿನ ಆದರೂ ಪೂಲ್‌ನ ಪುಟದಲ್ಲಿ ನನ್ನ ವಿಳಾಸಕ್ಕೆ ಸೊನ್ನೆ. ಪಿಸಿ ಮಾತ್ರ ಕುದಿಯುತ್ತಿದೆ. ಕೊನೆಗೆ ನೋಡಿದರೆ ಅದು ಮೈನ್ ಮಾಡುತ್ತಿದ್ದದ್ದು ಬೇರೆ ಯಾರದೋ ವಾಲೆಟ್‌ಗೆ, ನನ್ನ ವಿಳಾಸ ಬರೀ ಪರದೆಯ ಮೇಲೆ ಇತ್ತು.

ಅಷ್ಟೇ ಆಗಿದ್ದರೆ ನಗಬಹುದಿತ್ತು. ವಿಳಾಸ ಕಾಪಿ ಮಾಡಿ ಪೇಸ್ಟ್ ಮಾಡಿದರೆ ಬೇರೆಯೇ ವಿಳಾಸ ಬೀಳುತ್ತಿತ್ತು! ಮೊನೆರೊ ವಿಳಾಸ 95 ಅಕ್ಷರ, ಯಾರು ಪೂರ್ತಿ ಓದುತ್ತಾರೆ ಮಾರಾಯ್ರೆ. ಮೊದಲಿನ ಆರು, ಕೊನೆಯ ಆರು ಆದರೂ ನೋಡಿ. ನಾನು ವಿಂಡೋಸ್ ಪೂರ್ತಿ ಅಳಿಸಿ ಹೊಸದಾಗಿ ಹಾಕಿದೆ, ಎಲ್ಲಾ ಪಾಸ್‌ವರ್ಡ್ ಬೇರೆ ಫೋನಿನಿಂದ ಬದಲಾಯಿಸಿದೆ. ನೀವು ಡಿಫೆಂಡರ್ ಆಫ್ ಮಾಡಿ ಎಷ್ಟು ದಿನ ಆಯಿತು? ಅದೇ ಪಿಸಿಯಲ್ಲಿ ಮನೆಯವರ ನೆಟ್‌ಬ್ಯಾಂಕಿಂಗ್ ಇದ್ದರೆ ಒಂದು ಪೂರ್ತಿ ಸ್ಕ್ಯಾನ್ ಆಗುವವರೆಗೆ ಮುಟ್ಟಬೇಡಿ.

ವಾಲೆಟ್ ಮರಳಿ ತೆರೆಯಲು ಬೇಕಾದ 25 ಪದಗಳ ಸೀಡ್ ಹಾಳೆಯಲ್ಲಿ ಬರೆದಿಡಿ. ಫೋಟೋ ತೆಗೆದು ವಾಟ್ಸ್ಯಾಪಿನಲ್ಲಿ ನಿಮಗೇ ಕಳಿಸಿಕೊಳ್ಳಬೇಡಿ, ನಾನು ಅದನ್ನೂ ಮಾಡಿದ್ದೆ 🙏

ಲೆಕ್ಕದ_ಪುಸ್ತಕ

ಹತ್ತು ರೂಪಾಯಿಗೆ ತೆರಿಗೆ ಪಾಠ ಯಾಕೆ ಅನ್ನಬಹುದು, ಆದರೂ ಒಂದು ಸಲ ಗೊತ್ತಿರಲಿ. ಕ್ರಿಪ್ಟೋ ಮಾರಿದ ಲಾಭಕ್ಕೆ 2022ರ ಏಪ್ರಿಲ್‌ನಿಂದ ಶೇಕಡ 30 ತೆರಿಗೆ, ಮೇಲೆ ಸೆಸ್. ಕೊಂಡ ಬೆಲೆ ಒಂದನ್ನು ಬಿಟ್ಟು ಬೇರೆ ಖರ್ಚು ಕಳೆಯುವ ಹಾಗಿಲ್ಲ. ಮೈನ್ ಮಾಡಿದವರಿಗೆ ಕೊಂಡ ಬೆಲೆಯೇ ಇಲ್ಲ. ಮೈನಿಂಗ್‌ಗೆ ಮಾಡಿದ ವ್ಯವಸ್ಥೆಯ ಖರ್ಚು ಕೊಂಡ ಬೆಲೆ ಎನಿಸುವುದಿಲ್ಲ ಎಂದು ಸರ್ಕಾರ ಅದೇ ವರ್ಷ ಮಾರ್ಚ್‌ನಲ್ಲಿ ಲೋಕಸಭೆಗೆ ಲಿಖಿತ ಉತ್ತರ ಕೊಟ್ಟಿದೆ. ಅಂದರೆ 13 ರೂಪಾಯಿ ಕರೆಂಟು ಸುಟ್ಟು 10 ರೂಪಾಯಿ ಬಂದರೂ ಕಾಗದದಲ್ಲಿ ನಿಮಗೆ 10 ರೂಪಾಯಿ ಲಾಭ, ಅದರಲ್ಲಿ 3 ರೂಪಾಯಿ ಅವರಿಗೆ. ನಗಬೇಡಿ, ಹೀಗೇ ಇದೆ. ಒಂದರ ನಷ್ಟವನ್ನು ಇನ್ನೊಂದರ ಲಾಭಕ್ಕೆ ಕಳೆಯುವುದಕ್ಕೂ ಬಿಡುವುದಿಲ್ಲ.

ಅದಕ್ಕಿಂತ ದೊಡ್ಡ ತೊಡಕು ಮಾರುವುದು. ಮೊನೆರೊದಲ್ಲಿ ಯಾರು ಯಾರಿಗೆ ಕಳಿಸಿದರು ಎಂಬುದು ಕಾಣುವುದಿಲ್ಲ, ಹಾಗಾಗಿ ಕ್ರಿಪ್ಟೋ ಕೊಂಡು ಮಾರುವ ಎಕ್ಸ್‌ಚೇಂಜ್‌ಗಳು ದೂರ ಇಡುತ್ತಿವೆ. ಬೈನಾನ್ಸ್ 2024ರ ಫೆಬ್ರವರಿಯಲ್ಲೇ ಪಟ್ಟಿಯಿಂದ ತೆಗೆಯಿತು. ಟೆಲಿಗ್ರಾಂನಲ್ಲಿ ಸಿಕ್ಕ ಯಾರಿಗೋ ಮಾರಿ ಯುಪಿಐನಲ್ಲಿ ದುಡ್ಡು ಹಾಕಿಸಿಕೊಳ್ಳಬೇಡಿ. ಆ ದುಡ್ಡು ಯಾವುದೋ ವಂಚನೆಯದ್ದಾಗಿದ್ದರೆ ಸೈಬರ್ ಪೊಲೀಸರ ಪತ್ರ ಬಂದು ನಿಮ್ಮ ಬ್ಯಾಂಕ್ ಖಾತೆ ಫ್ರೀಜ್ ಆಗುತ್ತದೆ. 300 ರೂಪಾಯಿಗೆ ಅಪ್ಪನ ಪಿಂಚಣಿ ಬರುವ ಖಾತೆ ನಿಂತುಹೋದ ಒಂದು ಕೇಸ್ ನನ್ನ ಮೇಜಿಗೇ ಬಂದಿತ್ತು, ಬಿಡಿಸಲು ಐದು ತಿಂಗಳು ಹಿಡಿಯಿತು.

ರಾತ್ರಿಪಾಳಿ

ಎಲ್ಲರೂ ಸೇರಿ ಹುಡುಗನನ್ನು ಹೆದರಿಸಿಬಿಟ್ಟಿರಿ. ನಾನು ಎರಡು ವರ್ಷದಿಂದ ಒಂದು ಹಳೆ ಪಿಸಿಯಲ್ಲಿ ಓಡಿಸುತ್ತಿದ್ದೇನೆ. ದುಡ್ಡಿಗಲ್ಲ. ಲಿನಕ್ಸ್, ನೆಟ್‌ವರ್ಕ್, ಪ್ರೊಸೆಸರ್ ಕ್ಯಾಶ್, ಇದೆಲ್ಲ ನನಗೆ ಅರ್ಥವಾದದ್ದೇ ಈ ಹುಚ್ಚಿನಿಂದ, ಇವತ್ತಿನ ಕೆಲಸವೂ ಅದರಿಂದಲೇ ಸಿಕ್ಕಿದ್ದು.

ಕಲ್ಪತರು, ಎರಡು ಸಲಹೆ. ಬಯಾಸ್‌ನಲ್ಲಿ (ಪಿಸಿ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ ಪುಟ) ಇಕೋ ಮೋಡ್ ಇಲ್ಲ 45 ವಾಟ್ ಎಂದು ಇರುತ್ತದೆ, ಅದನ್ನು ಹಾಕಿ. ಹ್ಯಾಶ್ ಸ್ವಲ್ಪ ಇಳಿಯುತ್ತದೆ, ಕರೆಂಟು ಅದಕ್ಕಿಂತ ಜಾಸ್ತಿ ಇಳಿಯುತ್ತದೆ, ಫ್ಯಾನೂ ತಣ್ಣಗಾಗುತ್ತದೆ, ಅಪ್ಪನೂ ತಣ್ಣಗಾಗುತ್ತಾರೆ. ಆ ಪ್ರೊಸೆಸರ್ 95 ಡಿಗ್ರಿವರೆಗೆ ತಡೆಯುತ್ತದೆ, ಆದರೆ ಅಲ್ಲಿಗೆ ಹೋಗಲು ಬಿಡಬೇಡಿ, 75-80ರೊಳಗೆ ಇರಲಿ. ಕ್ಯಾಬಿನೆಟ್ ಬಿಚ್ಚಿ ದೂಳು ಒರೆಸಿ. ತಂಗಿ ಕೂತಾಗ ನಿಲ್ಲಬೇಕು ಅಂದರೆ ಕಾನ್ಫಿಗ್‌ನಲ್ಲಿ ಪಾಝ್-ಆನ್-ಆಕ್ಟಿವ್ (pause-on-active) ಎಂಬ ಸಾಲು ಇದೆ, ಮೌಸ್ ಅಲ್ಲಾಡಿದರೆ ಮೈನಿಂಗ್ ತಾನೇ ನಿಲ್ಲುತ್ತದೆ.

ಎರಡನೆಯದು ಪೂಲ್. ಕೆಲವು ಪೂಲ್‌ಗಳಲ್ಲಿ 0.1 ಮೊನೆರೊ ಆಗುವವರೆಗೆ ದುಡ್ಡು ಬಿಡುವುದಿಲ್ಲ. ನಿಮ್ಮ ವೇಗದಲ್ಲಿ ಅದಕ್ಕೆ ಎಂಟು ತಿಂಗಳು ಬೇಕು, ಮೊದಲು ಅವರ ನಿಯಮ ಓದಿ. ಯಾರಿಗೂ ಫೀಸ್ ಕೊಡದ ದಾರಿ ಪಿ2ಪೂಲ್ ಅನ್ನುವ ಯಜಮಾನನಿಲ್ಲದ ಪೂಲ್, 2021ರಿಂದ ಇದೆ, ಸಣ್ಣವರಿಗೆ ಅದರಲ್ಲೇ ಮಿನಿ ಎಂದು ಬೇರೆ ಇದೆ. ಸ್ವಂತ ನೋಡ್ (ಮೊನೆರೊ ದಾಖಲೆ ಇಡುವ ಪ್ರೋಗ್ರಾಂ) ಇಟ್ಟುಕೊಂಡು ಓಡಿಸುವುದು ಒಳ್ಳೆಯದು, ಆ ದಾಖಲೆಯನ್ನು ಪ್ರೂನ್ ಮಾಡಿ ಚಿಕ್ಕದಾಗಿಸಿದರೂ 100 ಜಿಬಿ ಸುತ್ತಮುತ್ತ ಜಾಗ ಬೇಕು. ಎಕ್ಸ್‌ಎಂರಿಗ್ ಕೂಡ ಶೇಕಡ 1 ಹೊತ್ತು ಅದನ್ನು ಬರೆದವರಿಗಾಗಿ ಮೈನ್ ಮಾಡುತ್ತದೆ, ಅದು ಕಳ್ಳತನ ಅಲ್ಲ, ಕಾನ್ಫಿಗ್‌ನಲ್ಲೇ ಬರೆದಿರುತ್ತದೆ.

ಕಲ್ಪತರು_ಹುಡುಗ

ಹನ್ನೊಂದು ದಿನ ಆಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ.

ಡಿಫೆಂಡರ್ ಆನ್ ಮಾಡಿ ಪೂರ್ತಿ ಸ್ಕ್ಯಾನ್ ಹಾಕಿದೆ, ಪುಣ್ಯಕ್ಕೆ ಏನೂ ಸಿಗಲಿಲ್ಲ. ಫೈಲಿನ ಮೊತ್ತ ಸರಿ ಇತ್ತು. ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ ರೀಸ್ಟಾರ್ಟ್ ಮಾಡಿದ ಮೇಲೆ 1168/1168 ಬಂತು, ಹ್ಯಾಶ್‌ರೇಟ್ ಒಂದೇ ಏಟಿಗೆ 3,600. ಆ ಹಸಿರು ಸಾಲು ನೋಡಿ ಪರೀಕ್ಷೆ ಪಾಸಾದಷ್ಟು ಖುಷಿಯಾಯಿತು. ಗೆಳೆಯನ ಹತ್ತಿರ ಒಂದು 8 ಜಿಬಿ ಸ್ಟಿಕ್ ಸಾಲ ತಂದು ಹಾಕಿದೆ, 4,800. ಆನ್‌ಲೈನಲ್ಲಿ ಒಂದು ಎನರ್ಜಿ ಮೀಟರ್ ಪ್ಲಗ್ ತರಿಸಿದೆ (ಸವಾರಣ್ಣ ಬೈಯಬೇಡಿ, ಗೀಸರ್‌ಗೂ ಫ್ರಿಜ್‌ಗೂ ಬರುತ್ತದೆ). 96 ವಾಟ್ ತೋರಿಸಿತು. ಇಕೋ ಮೋಡ್ ಹಾಕಿದ ಮೇಲೆ 74 ವಾಟ್, 4,300 ಹ್ಯಾಶ್. ಸದ್ದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ.

ಲೆಕ್ಕ ಹಾಕಿದೆ. 74 ವಾಟ್ ತಿಂಗಳಿಗೆ 53 ಯೂನಿಟ್. 136ಕ್ಕೆ ಸೇರಿಸಿದರೆ 189, 200ರ ಒಳಗೆ. ನಮ್ಮ 140 ದಾಟಿದ್ದು 49, ಅದಕ್ಕೆ 284 ರೂಪಾಯಿ. ಮೊನೆರೊ ತಿಂಗಳಿಗೆ 0.011 ಬರುತ್ತದೆ, 25 ಸಾವಿರದ ಲೆಕ್ಕದಲ್ಲಿ 275. ಒಂಬತ್ತು ರೂಪಾಯಿ ನಷ್ಟ, ತೆರಿಗೆ ಬಿಟ್ಟು. ಅಪ್ಪನಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ಬೈಯಲಿಲ್ಲ. ಆ ಮೀಟರ್ ಪ್ಲಗ್ ಇಸಿದುಕೊಂಡು ಹೋಗಿ ಮನೆಯ ಎಲ್ಲಾ ಸಾಮಾನಿಗೂ ಹಾಕಿ ನೋಡುತ್ತಿದ್ದಾರೆ. ಹಾಲ್‌ನ ಹಳೆಯ ಫ್ಯಾನ್ ಒಂದೇ 80 ವಾಟ್ ಅಂತೆ, ನನ್ನ ಪಿಸಿಗಿಂತ ಜಾಸ್ತಿ.

ಸದ್ಯಕ್ಕೆ ನಿಲ್ಲಿಸಿದ್ದೇನೆ. ಗೆಳೆಯ ಸ್ಟಿಕ್ ವಾಪಸ್ ಕೇಳುತ್ತಿದ್ದಾನೆ. ಡಿಡಿಆರ್4 3200ರ 8 ಜಿಬಿ ಸೆಕೆಂಡ್ ಹ್ಯಾಂಡ್ ಯಾರ ಹತ್ತಿರವಾದರೂ ಇದ್ದರೆ ಹೇಳಿ. ಮೈನಿಂಗ್‌ಗಲ್ಲ, ಎರಡು ಸ್ಟಿಕ್ ಇದ್ದಾಗ ಕ್ರೋಮ್ ಚೆನ್ನಾಗಿ ಓಡುತ್ತಿತ್ತು ಎಂದು ತಂಗಿ ಹಟ ಹಿಡಿದಿದ್ದಾಳೆ.

ಮೂರನೇ_ಫೇಸು

ಸ್ಟಿಕ್ ನನ್ನ ಹತ್ತಿರ ಇಲ್ಲ ತಮ್ಮಾ. ಅಪ್ಪನಿಗೆ ಹೇಳಿ, ಆ ಹಳೇ ಫ್ಯಾನ್ ತೆಗೆದು ಕರೆಂಟು ಕಮ್ಮಿ ತಿನ್ನುವ ಬಿಎಲ್‌ಡಿಸಿ ಫ್ಯಾನ್ ಹಾಕಿಸಲಿ. 30 ವಾಟ್ ಸಾಕು ಅದಕ್ಕೆ.